ಮಕ್ಕಳಿಗೆ ಚೈನೀಸ್ ಹೇಳ್ಕೊಡೋದು ಹೇಗೆ: ಹಾಡು, ಆಟ, ಕುಂಚ ಇಟ್ಕೊಂಡು ಮೊದಲ ಆರು ತಿಂಗಳು

ಐದು ವರ್ಷದ ಹುಡುಗಿ ಒಬ್ಬಳು ನನ್ನ ಮುಂದೆ ನಿಂತು ಎರಡು ಹುಲಿಗಳ ಹಾಡನ್ನ ಒಂದೂ ಪದ ತಪ್ಪದೆ ಹಾಡಿದ್ಳು. ಚೈನೀಸ್ ಕಲಿಯೋ ಮಕ್ಕಳಿಗೆ ಸಾಮಾನ್ಯವಾಗಿ ಮೊದಮೊದಲು ಹೇಳ್ಕೊಡೋ ಹಾಡು ಅದು, ಎರಡು ಹುಲಿ ಜೋರಾಗಿ ಓಡ್ತಾ ಇರ್ತವೆ, ಒಂದಕ್ಕೆ ಬಾಲನೇ ಇಲ್ಲ, ಎಂಥಾ ವಿಚಿತ್ರ ಅಂತ ಮುಗಿಯುತ್ತೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಆಮೇಲೆ ನಾನು ಮೆಲ್ಲಗೆ, ಪುಟ್ಟಿ, ಬೇಗ ಅನ್ನೋಕೆ ಚೈನೀಸಲ್ಲಿ ಏನಂತಾರೆ ಅಂತ ಕೇಳ್ದೆ. ಅವಳು ಹಾಡನ್ನ ಮೊದಲಿಂದ ಮನಸಲ್ಲೇ ಗುನುಗ್ಕೊಂಡು ಬಂದು ಆ ಪದದ ಹತ್ರ ನಿಂತು "ಖ್ವಾ...ಯ್" ಅಂತ ಮೇಲಿನ ಸ್ವರದಲ್ಲಿ ಎಳೆದು ಹೇಳಿದ್ಳು.

ಪದ ಸರಿ ಇತ್ತು, ಟೋನ್, ಅಂದ್ರೆ ಪದದ ಅರ್ಥನೇ ಬದಲಾಯಿಸೋ ಧ್ವನಿಯ ಏರಿಳಿತ, ಸರಿ ಇರ್ಲಿಲ್ಲ. ಖ್ವಾಯ್ ಅನ್ನೋದು ನಾಲ್ಕನೇ ಟೋನ್, ಮೇಲಿಂದ ಕೆಳಗೆ ಧಡ್ ಅಂತ ಬೀಳ್ಬೇಕು. ಆದ್ರೆ ತಪ್ಪು ಆ ಮಗೂದಲ್ಲ. ಆ ಹಾಡಿನ ಧಾಟಿ ಮೂಲದಲ್ಲಿ ಫ್ರಾನ್ಸ್‌ನ ಮಕ್ಕಳ ಹಾಡೊಂದರದ್ದು, ನಮ್ಮ ಸರಿಗಮದಲ್ಲಿ ಹೇಳೋದಾದ್ರೆ ಮೊದಲ ಸಾಲು ಸ ರಿ ಗ ಸ, ಆಮೇಲೆ "ಜೋರಾಗಿ ಓಡ್ತವೆ" ಅನ್ನೋ ಮೂರು ಪದಕ್ಕೆ ಗ ಮ ಪ ಅಂತ ಮೇಲಕ್ಕೆ ಹತ್ತಿ ಪಂಚಮದ ಮೇಲೆ ಕೂತ್ಬಿಡುತ್ತೆ, ಅಂದ್ರೆ ಬೀಳ್ಬೇಕಾದ ಪದ ಆ ಸಾಲಲ್ಲಿ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಉದ್ದಕ್ಕೆ ನಿಂತಿರುತ್ತೆ.

ಮ್ಯಾಂಡರಿನ್‌ನಲ್ಲಿ, ಅಂದ್ರೆ ಚೀನಾದ ಅಧಿಕೃತ ಚೈನೀಸಲ್ಲಿ, ಹಾಡು ಅಂದ್ರೆ ಹೀಗೇ, ಧಾಟಿ ಬಂದ ತಕ್ಷಣ ಟೋನ್ ಹಿಂದೆ ಸರಿಯುತ್ತೆ. ದೊಡ್ಡೋರಿಗೆ ಭಾಷೆ ಗೊತ್ತಿರೋದ್ರಿಂದ ಸಂದರ್ಭದಿಂದ ಅರ್ಥ ಹಿಡ್ಕೋತಾರೆ. ಹಾಂಗ್‌ಕಾಂಗ್ ಕಡೆ ಆಡೋ ಕ್ಯಾಂಟೊನೀಸ್‌ನಲ್ಲಿ ಹಂಗಲ್ಲ, ಅಲ್ಲಿ ಹಾಡು ಬರೆಯೋರು ಪದದ ಟೋನ್‌ಗೆ ಹೊಂದೋ ಹಾಗೆ ಸ್ವರ ಕೂರಿಸ್ತಾರೆ, ಇಲ್ಲಾಂದ್ರೆ ಕೇಳೋರಿಗೆ ಬೇರೆ ಪದನೇ ಕೇಳ್ಸುತ್ತೆ. ಹಾಗಾಗಿ ನಾನು ಹೇಳ್ಕೊಡೋ ಕ್ರಮನೇ ತಿರುಗಿಸಿಬಿಟ್ಟೆ. ಮೊದಲು ಮೈಯಲ್ಲಿ ಟೋನ್, ಆಮೇಲೆ ಹಾಡದೆ ಬರೀ ಮಾತಲ್ಲಿ ಹೇಳೋ ಶಿಶುಪ್ರಾಸ, ಆಮೇಲೆ ಆಟ, ಅದಾದ ಮೇಲೆ ಹಾಡು, ಜೊತೆಜೊತೆಗೆ ಚಿತ್ರದಿಂದ ಅಕ್ಷರ. ನಾಲ್ಕರಿಂದ ಎಂಟು ವರ್ಷದ ಮಕ್ಕಳನ್ನ ಮನಸಲ್ಲಿಟ್ಕೊಂಡು ಬರೀತಾ ಇದೀನಿ, ಒಬ್ಬರೇ ಮಗು ಇದ್ರೂ ನಡಿಯುತ್ತೆ, ಮೂರ್ನಾಲ್ಕು ಜನ ಇದ್ರೆ ಇನ್ನೂ ಚೆನ್ನಾಗಿರುತ್ತೆ.

ಶುರು ಮಾಡೋಕೆ ಮುಂಚೆ ದೊಡ್ಡೋರ ಕೆಲಸ

ಮೊದಲು ಎರಡು ತೀರ್ಮಾನ. ಯಾವ ಚೈನೀಸ್? ಇಲ್ಲಿ ನಾನು ಹೇಳ್ತಿರೋದೆಲ್ಲ ಮ್ಯಾಂಡರಿನ್‌ಗೆ. ಯಾವ ಲಿಪಿ? ಚೀನಾದ ಮುಖ್ಯಭೂಮಿ, ಸಿಂಗಾಪುರದಲ್ಲಿ ಸರಳ ಲಿಪಿ, ತೈವಾನ್, ಹಾಂಗ್‌ಕಾಂಗ್‌ನಲ್ಲಿ ಸಾಂಪ್ರದಾಯಿಕ ಲಿಪಿ. ಒಂದನ್ನ ಹಿಡ್ಕೊಳ್ಳಿ, ಮೊದಲ ವರ್ಷ ಎರಡನ್ನೂ ಬೆರೆಸ್ಬೇಡಿ.

ಇನ್ನು ಉಚ್ಚಾರ. ಇದರಲ್ಲಿ ಕನ್ನಡ ಬಲ್ಲೋರಿಗೆ ಒಂದು ದೊಡ್ಡ ಅನುಕೂಲ ಇದೆ, ಎಷ್ಟೋ ಜನ ಅದನ್ನ ಗಮನಿಸೋದೇ ಇಲ್ಲ. ಚೈನೀಸನ್ನ ರೋಮನ್ ಅಕ್ಷರದಲ್ಲಿ ಬರೆಯೋ ಪಿನ್‌ಯಿನ್ ಪದ್ಧತೀಲಿ ಇಂಗ್ಲಿಷಿನ ಬಿ ಅಕ್ಷರ ಕಂಡ್ರೆ ನಾವು ಬ ಅಂತೀವಿ, ಅದು ಬ ಅಲ್ಲ, ಅಲ್ಪಪ್ರಾಣ ಪ. ಪಿ ಅಂತ ಬರ್ದಿದ್ರೆ ಅದು ಮಹಾಪ್ರಾಣ ಫ, ಉಸಿರು ಹೊರಗೆ ಬರೋದು. ಹಾಗೇ ಡಿ ಮತ್ತು ಟಿ ನಮ್ಮ ತ ಮತ್ತು ಥ ಹತ್ರ, ಜಿ ಮತ್ತು ಕೆ ಅಂದ್ರೆ ಕ ಮತ್ತು ಖ. ಅಪ್ಪನಿಗೆ ಚೈನೀಸಲ್ಲಿ "ಪಾಪ", ಎರಡೂ ಅಲ್ಪಪ್ರಾಣ. ಪಿನ್‌ಯಿನ್ ನೋಡಿ ಬಾಬಾ ಅಂದ್ರೆ ಅರ್ಥ ಆಗ್ಬಹುದು, ಆದ್ರೆ ಕಿವಿಗೆ ಕೂರಲ್ಲ. ಎಕ್ಸ್ ಅಕ್ಷರಕ್ಕೆ ಶ, ಕ್ಯೂ ಅಕ್ಷರಕ್ಕೆ ಛ ಅಂದ್ರೆ ಹತ್ರತ್ರ ಸರಿ ಹೋಗುತ್ತೆ. ನಾಲಿಗೆ ಮಡಿಚಿ ಹೇಳೋ ಷ ಕೂಡ ಇದೆ, ಶ ಮತ್ತು ಷ ಅಲ್ಲಿ ನಿಜವಾಗ್ಲೂ ಬೇರೆ ಬೇರೆ. ಈ ಬರಹದಲ್ಲಿ ಚೈನೀಸ್ ಪದಗಳನ್ನೆಲ್ಲ ಈ ಲೆಕ್ಕದಲ್ಲೇ ಬರ್ದಿದೀನಿ. ಓದುವಾಗ ಅಂಗೈಯನ್ನ ಬಾಯಿ ಮುಂದೆ ಹಿಡ್ಕೊಳ್ಳಿ, ಫ ಥ ಖ ಗೆ ಗಾಳಿ ತಾಗ್ಬೇಕು, ಪ ತ ಕ ಗೆ ತಾಗ್ಬಾರ್ದು. ಮಕ್ಕಳಿಗೂ ಇದನ್ನೇ ಮಾಡ್ಸಿ, ತೆಳು ಕಾಗದದ ಚೂರು ಹಿಡಿಸಿ ಅದು ಹಾರುತ್ತಾ ನೋಡು ಅನ್ನಿ.

ನಿಮಗೆ ಚೈನೀಸ್ ಅಷ್ಟಾಗಿ ಬರಲ್ಲ ಅಂದ್ರೆ ಚೈನೀಸ್ ಮಾತೃಭಾಷೆ ಆಗಿರೋರು ಹೇಳಿರೋ ಧ್ವನಿ ಬೇಕೇ ಬೇಕು, ಅದೂ ಹಾಡಿದ್ದಲ್ಲ, ಅದೇ ಸಾಲನ್ನ ನಿಧಾನಕ್ಕೆ ಮಾತಲ್ಲಿ ಹೇಳಿರೋದು. ಯಾರಾದ್ರೂ ಗೊತ್ತಿರೋರ ಹತ್ರ ರೆಕಾರ್ಡ್ ಮಾಡಿಸ್ಕೊಳ್ಳಿ, ಹತ್ತು ಸಾಲು ಸಾಕು, ಆರು ತಿಂಗಳಿಗೆ ಬರುತ್ತೆ. ವಾರಕ್ಕೆ ಮೂರು ಸಲ, ಒಂದೊಂದು ಸಲ 20 ನಿಮಿಷ. ಒಂದೇ ದಿನ ಒಂದು ಗಂಟೆ ಕೂರಿಸೋದಕ್ಕಿಂತ ಇದು ಎಷ್ಟೋ ಮೇಲು.

ಹೆಜ್ಜೆ 1: ಟೋನ್‌ನ ಮೈಗೆ ಹಾಕೋದು (ಮೊದಲ ಮೂರು ವಾರ)

ನಾಲ್ಕು ಟೋನ್, ಜೊತೆಗೆ ಭಾರ ಇಲ್ಲದ ಒಂದು ಹಗುರ ಟೋನ್. ಮಕ್ಕಳಿಗೆ ಟೋನ್ ಅನ್ನೋ ಮಾತೇ ಬೇಡ, ನಡಿಗೆ ತೋರಿಸಿ.

ಮೊದಲನೇದು ಎತ್ತರದಲ್ಲಿ ಸಮ, ತಂಬೂರಿ ಶ್ರುತಿ ಹಿಡಿದ ಹಾಗೆ. ತುದಿಗಾಲಲ್ಲಿ ನಿಂತು ಕೈಯನ್ನ ತಲೆ ಮೇಲೆ ಅಡ್ಡಕ್ಕೆ ಚಾಚಿ ನಡೀಬೇಕು. ಎರಡನೇದು ಕೆಳಗಿಂದ ಮೇಲಕ್ಕೆ, ನಾವು ಆಶ್ಚರ್ಯದಲ್ಲಿ "ಹೌದಾ?" ಅಂತೀವಲ್ಲ ಆ ಥರ, ಅರ್ಧ ಕೂತಿದ್ದವರು ಎದ್ದು ಕೈ ಮೇಲೆತ್ತೋದು. ಮೂರನೇದು ತಗ್ಗು, ಗಂಟಲ ಕೆಳಗಿಂದ ಬರೋದು, ಪೂರ್ತಿ ಕುಕ್ಕರುಗಾಲಲ್ಲಿ ಕೂತ್ಬಿಡೋದು. ನಾಲ್ಕನೇದು ಮೇಲಿಂದ ಕೆಳಗೆ, ಸಿಟ್ಟಲ್ಲಿ "ಸಾಕು!" ಅನ್ನೋ ಹಾಗೆ, ಕಾಲು ನೆಲಕ್ಕೆ ಅಪ್ಪಳಿಸೋದು. ಹಗುರ ಟೋನ್‌ಗೆ ಬೆರಳ ತುದಿಯಿಂದ ತೊಡೆ ಮೇಲೆ ಒಂದು ಸಣ್ಣ ತಟ್ಟು, ಅಷ್ಟೇ.

ಮೂರನೇ ಟೋನ್ ಬಗ್ಗೆ ಒಂದು ಮಾತು. ಎಲ್ಲಾ ಕಡೆ ಅದನ್ನ ಇಳಿದು ಮತ್ತೆ ಏರೋ ಗೆರೆ ಅಂತ ತೋರಿಸ್ತಾರೆ, ಒಂಟಿಯಾಗಿ ಹೇಳಿದಾಗ ಅದು ನಿಜ, ಆದ್ರೆ ಮಾತಿನ ಓಟದಲ್ಲಿ ಬಹುಪಾಲು ಬರೀ ತಗ್ಗಲ್ಲೇ ಇರುತ್ತೆ. ಮಕ್ಕಳಿಗೆ ಇಳಿ-ಏರು ಕಲಿಸಿದ್ರೆ ಎರಡನೇ ಟೋನ್ ಜೊತೆ ಗೊಂದಲ ಆಗಿ ಎರಡೂ ಕೆಡುತ್ತೆ. ಅದಕ್ಕೇ ನಾನು ಬರೀ ಕೂರಿಸ್ತೀನಿ.

ಅಭ್ಯಾಸಕ್ಕೆ ಹಳೇ ಉದಾಹರಣೆನೇ ಒಳ್ಳೇದು. "ಮಾ" ಒಂದನೇ ಟೋನಲ್ಲಿ ಅಮ್ಮ, ಎರಡರಲ್ಲಿ ಸೆಣಬು, ಮೂರರಲ್ಲಿ ಕುದುರೆ, ನಾಲ್ಕರಲ್ಲಿ ಬಯ್ಯೋದು, ಹಗುರವಾಗಿ ವಾಕ್ಯದ ಕೊನೇಲಿ ಬಂದ್ರೆ ಪ್ರಶ್ನೆ. ಮಕ್ಕಳಿಗೆ ಅಮ್ಮ ಮತ್ತು ಕುದುರೆ ಎರಡೇ ಸಾಕು, ನೀವು "ಮಾ" ಅಂದ ತಕ್ಷಣ ತುದಿಗಾಲಲ್ಲಿ ನಿಲ್ಬೇಕಾ ಕುಕ್ಕರುಗಾಲಲ್ಲಿ ಕೂರ್ಬೇಕಾ ಅಂತ ಅವರೇ ತೀರ್ಮಾನ ಮಾಡ್ಲಿ. ಮೊದಲ ವಾರ ಅವರ ಬಾಯಿಂದ ಏನೂ ಹೇಳಿಸ್ಬೇಡಿ. ಕೇಳೋದು, ಮೈಯಲ್ಲಿ ಉತ್ತರ ಕೊಡೋದು, ಇಷ್ಟೇ. ಭಾಷೆನ ಮೊದಲು ಮೈಯಿಂದ ಅರ್ಥ ಮಾಡ್ಸಿ ಮಾತು ತಾನಾಗೇ ಬರೋಕೆ ಬಿಡೋ ಈ ಪದ್ಧತಿನ 1960ರ ದಶಕದಲ್ಲಿ ಜೇಮ್ಸ್ ಆಶರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ರೂಪಿಸಿದ್ರು. ಮಾತಾಡು ಮಾತಾಡು ಅಂತ ಒತ್ತಾಯ ಮಾಡದೆ ಇದ್ರೆ ನಾಚಿಕೆ ಸ್ವಭಾವದ ಮಗು ಕೂಡ ಎರಡನೇ ವಾರದ ಹೊತ್ತಿಗೆ ತಾನೇ ಬಾಯಿ ಬಿಡೋದನ್ನ ನಾನು ಬಹಳ ಸಲ ನೋಡಿದೀನಿ.

ಇದೇ ಹೊತ್ತಲ್ಲಿ ಒಂದು ಕೈ ಲೆಕ್ಕನೂ ಹೇಳ್ಕೊಡಿ. ಚೀನಾದಲ್ಲಿ ಒಂದರಿಂದ ಹತ್ತರವರೆಗೆ ಒಂದೇ ಕೈಯಲ್ಲಿ ತೋರಿಸ್ತಾರೆ. ಐದರವರೆಗೆ ನಮ್ಮ ಹಾಗೇ, ಆರಕ್ಕೆ ಹೆಬ್ಬೆರಳು ಕಿರುಬೆರಳು ಚಾಚಿ ಉಳಿದದ್ದು ಮಡಿಚೋದು, ಎಂಟಕ್ಕೆ ಹೆಬ್ಬೆರಳು ತೋರುಬೆರಳು, ಒಂಬತ್ತಕ್ಕೆ ತೋರುಬೆರಳನ್ನ ಕೊಕ್ಕೆ ಥರ ಬಗ್ಗಿಸೋದು. ಏಳು, ಹತ್ತು ಊರಿಂದ ಊರಿಗೆ ಸ್ವಲ್ಪ ಬೇರೆ ಆಗುತ್ತೆ.

ಹೆಜ್ಜೆ 2: ಇಲಿ ದೀಪದ ಕಂಬ ಹತ್ತಿದ ಪ್ರಾಸ

ಚೈನೀಸಲ್ಲಿ ಹಾಡದೆ ಲಯದಲ್ಲಿ ಹೇಳೋ ಶಿಶುಪ್ರಾಸಗಳ ದೊಡ್ಡ ರಾಶಿನೇ ಇದೆ, ಅದಕ್ಕೆ ಥೊಂಗ್‌ಯಾವ್ ಅಂತಾರೆ. ಮಾತಿನ ಟೋನ್ ಇಲ್ಲಿ ಹಾಗೇ ಉಳಿದಿರುತ್ತೆ, ಲಯನೂ ಸಿಗುತ್ತೆ. ನನ್ನ ಕೈಯಲ್ಲಿ ಆಗೋದಾದ್ರೆ ಎಲ್ಲಾ ಮಕ್ಕಳಿಗೂ ಹುಲಿ ಹಾಡಿಗಿಂತ ಮುಂಚೆ ಇಲಿ ಪ್ರಾಸ ಹೇಳ್ಕೊಡ್ತೀನಿ.

ಕಥೆ ಚಿಕ್ಕದು. ಪುಟ್ಟ ಇಲಿ ಎಣ್ಣೆ ದೀಪದ ಕಂಬ ಹತ್ತುತ್ತೆ, ಕದ್ದು ಎಣ್ಣೆ ಕುಡಿಯುತ್ತೆ, ಇಳಿಯೋಕೆ ಬರಲ್ಲ, ಕೊನೆಗೆ ಉರುಳುರುಳಿ ಬೀಳುತ್ತೆ. ಒಂದೊಂದು ತುಂಡಲ್ಲಿ ಮೂರೇ ಮೂರು ಶಬ್ದ:

ಶ್ಯಾವ್ ಲಾವ್ ಷೂ, ಷಾಂಗ್ ತಂಗ್ ಥಾಯ್,
ಥೋ ಯೋ ಛ, ಶ್ಯಾ ಪೂ ಲಾಯ್.

ಮೂರು ಶಬ್ದ, ಒಂದು ಬಿಡುವು, ಆ ಬಿಡುವಲ್ಲಿ ಒಂದು ಚಪ್ಪಾಳೆ. ಮೊದಲ ದಿನ ಕಥೆನ ಕನ್ನಡದಲ್ಲೇ ಹೇಳಿ, ಇಲಿಯ ಚಿತ್ರ ಬರೆಸಿ, ಪ್ರಾಸನ ನೀವು ಮಾತ್ರ ಹೇಳಿ. ಎರಡನೇ ದಿನ ಚಪ್ಪಾಳೆ ಮಾತ್ರ ಅವರದ್ದು. ಮೂರನೇ ದಿನದಿಂದ ಕೊನೇ ಶಬ್ದನ ಅವರಿಗೆ ಬಿಟ್ಕೊಡಿ, ಥಾಯ್, ಲಾಯ್ ಪ್ರಾಸ ಇರೋದ್ರಿಂದ ತಾನಾಗೇ ಬಾಯಿಗೆ ಬರುತ್ತೆ.

ಇಲ್ಲೊಂದು ಮುಖ್ಯವಾದ ವಿಷಯ. "ಶ್ಯಾವ್ ಲಾವ್ ಷೂ" ಮೂರೂ ಮೂಲದಲ್ಲಿ ಮೂರನೇ ಟೋನ್. ಎರಡು ಮೂರನೇ ಟೋನ್ ಅಕ್ಕಪಕ್ಕ ಬಂದ್ರೆ ಅವೆರಡರಲ್ಲಿ ಮೊದಲು ಬರೋದು ಎರಡನೇ ಟೋನ್ ಆಗಿ ಮೇಲಕ್ಕೇಳುತ್ತೆ ಅನ್ನೋದು ನಿಯಮ, ನಮಸ್ಕಾರಕ್ಕೆ ಹೇಳೋ "ನೀ ಹಾವ್"ನಲ್ಲೂ ಅದೇ ಆಗೋದು. ಇಲ್ಲಿ ಲಾವ್-ಷೂ ಅಂದ್ರೆ ಇಲಿ, ಅದು ಒಂದು ಜೋಡಿ, ಆದ್ದರಿಂದ ಲಾವ್ ಏಳುತ್ತೆ, ಷೂ ಕೂರುತ್ತೆ, ಅದಕ್ಕೂ ಮುಂಚೆ ಬರೋ ಶ್ಯಾವ್ ಅಂದ್ರೆ ಪುಟ್ಟ, ಅದು ತಗ್ಗಲ್ಲಿ ಇರುತ್ತೆ. ಮೈಯಲ್ಲಿ ಮಾಡಿದ್ರೆ ಕೂತು, ಎದ್ದು, ಕೂತು. ಇಲಿ ಕಳ್ಳತನಕ್ಕೆ ಹೊರಟಾಗ ತಲೆ ಎತ್ತಿ ನೋಡಿ ಮತ್ತೆ ಬಗ್ಗೋ ಹಾಗೇ ಇರುತ್ತೆ! ನಿಯಮ ಹೇಳೋದೇ ಬೇಡ, ಇದನ್ನ ಮಾಡಿಸಿದ್ರೆ ಸಾಕು.

ಮತ್ತೆ ನಾನೇ ಮಾಡಿದ ಒಂದು ತಪ್ಪು ಹೇಳ್ಬಿಡ್ತೀನಿ, ನೀವು ಮಾಡ್ಬೇಡಿ. "ಷಾಂಗ್" ಅಂದ್ರೆ ಮೇಲಕ್ಕೆ ಹತ್ತೋದು. ನಾನು ಅರ್ಥಕ್ಕೆ ತಕ್ಕ ಹಾಗೆ ಆ ಪದ ಬಂದಾಗ ಕೈ ಮೇಲೆತ್ತಿ ಹತ್ತೋ ಅಭಿನಯ ಮಾಡಿಸ್ತಾ ಇದ್ದೆ. ಎರಡು ವಾರ ಆದ ಮೇಲೆ ಕೇಳಿದ್ರೆ ಮಕ್ಕಳೆಲ್ಲ ಷಾಂಗನ್ನ ಮೇಲಕ್ಕೆ ಏರಿಸಿ ಹೇಳ್ತಾ ಇದಾರೆ. ಆದ್ರೆ ಷಾಂಗ್ ನಾಲ್ಕನೇ ಟೋನ್, ಅರ್ಥ ಮೇಲಕ್ಕೆ, ಧ್ವನಿ ಕೆಳಕ್ಕೆ. ಮೈ ಯಾವ ಕಡೆ ಹೋಗುತ್ತೋ ಧ್ವನಿ ಅದರ ಹಿಂದೇನೇ ಹೋಗುತ್ತೆ, ಇದನ್ನ ಅವತ್ತು ಕಲಿತೆ. ಅದಕ್ಕೇ ಈಗ ಎರಡನ್ನೂ ಬೇರೆ ಬೇರೆ ದಿನ ಇಟ್ಟಿದೀನಿ. ಸೋಮವಾರ ಟೋನ್ ದಿನ, ಮೈಯೆಲ್ಲ ಟೋನ್‌ಗೆ ಮಾತ್ರ. ಬುಧವಾರ ಕಥೆ ದಿನ, ಹತ್ತೋದು, ಕದಿಯೋದು, ಉರುಳೋದು ಎಲ್ಲ ಮಾಡ್ಲಿ, ಆದ್ರೆ ಆಗ ಪ್ರಾಸ ಹೇಳೋರು ನೀವು ಅಥವಾ ರೆಕಾರ್ಡಿಂಗ್, ಮಕ್ಕಳು ಬರೀ ಅಭಿನಯ. ಶುಕ್ರವಾರ ಮಾತ್ರ ಬಾಯಿ, ಕೈ ಕಟ್ಕೊಂಡು ಕೂತು ಹೇಳೋದು. ಈ ಬದಲಾವಣೆ ಮಾಡಿದ ಮೇಲೆ ಷಾಂಗ್ ಸರಿ ಹೋಯ್ತು.

ತುಂಬ ಚಿಕ್ಕ ಮಕ್ಕಳಿಗೆ, ಮೂರು ವರ್ಷದ ಆಸುಪಾಸು, ಇಲಿ ಪ್ರಾಸ ಉದ್ದ ಆಗ್ಬಹುದು. ಅವರಿಗೆ ಗರಗಸದ ಪ್ರಾಸ ಇದೆ, "ಲಾ ತಾ ಚ್ಯು, ಛ ತಾ ಚ್ಯು", ದೊಡ್ಡ ಗರಗಸ ಎಳಿ ಅಂತ. ಎದುರುಬದುರು ಕೂತು ಕೈ ಹಿಡ್ಕೊಂಡು ಹಿಂದಕ್ಕೆ ಮುಂದಕ್ಕೆ ತೂಗೋದು, ಮುಂದಿನ ಸಾಲಲ್ಲಿ ಅಜ್ಜಿ ಮನೇಲಿ ನಾಟಕ ನಡೀತಿರುತ್ತೆ. ಮಗು ಏನೂ ಹೇಳದೆ ಇದ್ರೂ ಲಯ ಮೈಗೆ ಇಳಿಯುತ್ತೆ.

ಹೆಜ್ಜೆ 3: ಪ್ರಾಸ ಒಡೆದು ಪದ ಹೊರಗೆ ತೆಗೆಯೋದು

ಬಾಯಿಪಾಠ ಆದ ಪ್ರಾಸ ಇಡೀ ಒಂದು ಉಂಡೆ ಥರ ಇರುತ್ತೆ, ಒಳಗಿನ ಒಂದು ಪದ ಬೇಕು ಅಂದ್ರೆ ಮೊದಲಿಂದ ಹೇಳ್ಕೊಂಡೇ ಬರ್ಬೇಕು, ಆ ಹುಲಿ ಹಾಡಿನ ಹುಡುಗಿ ಮಾಡಿದ ಹಾಗೆ. ಎಷ್ಟೋ ಕಡೆ ಈ ಹೆಜ್ಜೆನೇ ಬಿಟ್ಟುಬಿಡ್ತಾರೆ, ಮಕ್ಕಳು ಹತ್ತು ಹಾಡು ಕಲಿತಿರ್ತಾರೆ, ಒಂದು ವಾಕ್ಯ ಬರಲ್ಲ. ನನಗೆ ತುಂಬಾ ಬೇಜಾರಾಗೋ ವಿಷಯ ಇದು.

ಮಾಡ್ಬೇಕಾದ್ದು ಸುಲಭ, ಪದ ಬದಲಾಯಿಸೋ ಆಟ. ಇಲಿ ಜಾಗಕ್ಕೆ ಬೆಕ್ಕು ಬರ್ಲಿ, "ಶ್ಯಾವ್ ಮಾವ್". ದೀಪದ ಕಂಬದ ಜಾಗಕ್ಕೆ ದೊಡ್ಡ ಮರ, "ಷಾಂಗ್ ತಾ ಷೂ". ಈಗ ನೋಡಿ ಏನಾಯ್ತು ಅಂತ. ಇಲಿಯಲ್ಲಿರೋ ಷೂ ಮೂರನೇ ಟೋನ್, ಮರ ಅನ್ನೋ ಷೂ ನಾಲ್ಕನೇ ಟೋನ್. "ಶ್ಯಾವ್ ಲಾವ್ ಷೂ, ಷಾಂಗ್ ತಾ ಷೂ", ಪುಟ್ಟ ಇಲಿ ದೊಡ್ಡ ಮರ ಹತ್ತಿತು. ಮೊದಲ ತುಂಡು ಕೂತು ಎದ್ದು ಕೂರೋದು, ಎರಡನೇ ತುಂಡು ಮೂರಕ್ಕೆ ಮೂರೂ ನಾಲ್ಕನೇ ಟೋನ್, ಮೂರು ಸಲ ಕಾಲು ಅಪ್ಪಳಿಸೋದು. ಸಾಲದ್ದಕ್ಕೆ ಷೂ ಒಂದನೇ ಟೋನಲ್ಲಿ ಪುಸ್ತಕ. ಇಲಿ, ಮರ, ಪುಸ್ತಕ ಮೂರರ ಚಿತ್ರನ ನೆಲದ ಮೇಲೆ ದೂರ ದೂರ ಇಟ್ಟು ನೀವು ಷೂ ಅನ್ನಿ, ಯಾವ ಷೂ ಅಂತ ಕೇಳಿಸ್ಕೊಂಡು ಅದರ ಮೇಲೆ ಹಾರಿ ನಿಲ್ಲಲಿ. ಹದಿನೈದು ನಿಮಿಷ ಆದ್ರೂ ಬಿಡಲ್ಲ ಮಕ್ಕಳು. ಆಮೇಲೆ ಅವರೇ ಹೇಳೋರು, ನೀವು ಹಾರೋರು. ಅವರ ಟೋನ್ ತಪ್ಪಿದ್ರೆ ನೀವು ತಪ್ಪು ಚಿತ್ರದ ಮೇಲೇ ಹೋಗಿ ನಿಂತ್ಕೊಳ್ಳಿ. "ಅಲ್ಲ ಅಲ್ಲ, ಮರ!" ಅಂತ ಕೂಗಿ ತಾವೇ ತಿದ್ಕೋತಾರೆ, ನೀವು ತಿದ್ದೋದೇ ಬೇಡ.

ಹೆಜ್ಜೆ 4: ಓಡೋ ಆಟ

ಹೆಚ್ಚೇನಿಲ್ಲ ಇದರಲ್ಲಿ. ಥ್ಯಾವ್ ಅಂದ್ರೆ ಹಾರು, ಫಾವ್ ಅಂದ್ರೆ ಓಡು, ಥಿಂಗ್ ಅಂದ್ರೆ ನಿಲ್ಲು, ಚಾನ್ ಛೀ ಲಾಯ್ ಅಂದ್ರೆ ಎದ್ದು ನಿಲ್ಲು, ತ್ಸ್ವೋ ಶ್ಯಾ ಅಂದ್ರೆ ಕೂತ್ಕೋ. ಈ ಐದು ಪದದಲ್ಲೇ ಒಂದು ತಿಂಗಳು ಆಟ ಆಡ್ಬಹುದು. ಚೀನಾದ ಮಕ್ಕಳು ಆಡೋ ಹದ್ದು-ಕೋಳಿಮರಿ ಆಟ, ಒಬ್ಬರು ಹದ್ದು, ಒಬ್ಬರು ತಾಯಿಕೋಳಿ, ಉಳಿದೋರು ಅವಳ ಹಿಂದೆ ಸೊಂಟ ಹಿಡ್ಕೊಂಡು ಸಾಲಾಗಿ, ಅದನ್ನೂ ಸೇರಿಸಿ. ಹದ್ದು ಕೊನೇ ಮರಿನ ಹಿಡೀಬೇಕು, ಹಿಡಿಯೋಕೆ ಮುಂಚೆ ಎಷ್ಟು ಮರಿ ಅಂತ ಚೈನೀಸಲ್ಲಿ ಎಣಿಸ್ಬೇಕು ಅಂತ ಒಂದು ನಿಯಮ ನಾನು ಸೇರ್ಸಿದೀನಿ.

ಹೆಜ್ಜೆ 5: ಈಗ ಹಾಡು

ಎರಡು ಎರಡೂವರೆ ತಿಂಗಳಾದ ಮೇಲೆ. ಹುಲಿ ಹಾಡು ಹೇಳ್ಕೊಡ್ಬಹುದು ಈಗ, ಆದ್ರೆ ಪ್ರತಿ ಸಲ ಹಾಡಿದ ಮೇಲೆ ಅದೇ ಸಾಲನ್ನ ಒಂದು ಸಲ ಮಾತಲ್ಲಿ, ಪಿಸುಮಾತಲ್ಲಿ ಒಂದು ಸಲ, ಸಿಟ್ಟಲ್ಲಿ ಒಂದು ಸಲ. ಖ್ವಾಯ್ ಹತ್ರ ಕಾಲು ಅಪ್ಪಳಿಸೋದು ಮರೀಬಾರ್ದು.

ನಿಜವಾದ ಜಾನಪದ ಅಂದ್ರೆ ಮಲ್ಲಿಗೆ ಹಾಡು, ಮೋ ಲೀ ಹ್ವಾ. ಅದರಲ್ಲಿ ಪ್ರದೇಶಕ್ಕೊಂದು ಧಾಟಿ ಇದೆ, ಎಲ್ಲರಿಗೂ ಗೊತ್ತಿರೋದು ಚ್ಯಾಂಗ್‌ಸೂ ಪ್ರಾಂತ್ಯದ್ದು. ಇಟಲಿಯ ಸಂಗೀತಕಾರ ಪುಚಿನಿ ತನ್ನ ಕೊನೇ ಒಪೆರಾದಲ್ಲಿ, 1926ರಲ್ಲಿ ಮೊದಲ ಪ್ರದರ್ಶನ ಕಂಡದ್ದು, ಇದೇ ಧಾಟಿನ ಬಳಸ್ಕೊಂಡಿದಾನೆ. ಇದನ್ನ ಮೊದಲ ಸಲ ಕೇಳಿದಾಗ ನಮಗೆ ಹೊಸದು ಅನ್ನಿಸೋದೇ ಇಲ್ಲ, ಯಾಕಂದ್ರೆ ಚೀನಾದ ಐದು ಸ್ವರ, ಕೊಂಗ್, ಷಾಂಗ್, ಚ್ಯುಯೆ, ಚ, ಯು, ನಮ್ಮ ಮೋಹನ ರಾಗದ ಸ ರಿ ಗ ಪ ದ ಇದ್ದ ಹಾಗೇ. ಸಂಗೀತ ಕಲಿಯೋ ಮಗು ಇದ್ರೆ ಮೋಹನದ ಆರೋಹಣ ಅವರೋಹಣ ಹಾಡಿಸಿ ಆಮೇಲೆ ಈ ಹಾಡು ಕೇಳಿಸಿ, ಮುಖ ಅರಳುತ್ತೆ. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ, ಮೋ-ಲೀ ಅನ್ನೋ ಪದ ಚೈನೀಸಿಗೆ ಬಂದಿರೋದು ಸಂಸ್ಕೃತದ ಮಲ್ಲಿಕಾದಿಂದ. ಅಂದ್ರೆ ನಮ್ಮ ಮಲ್ಲಿಗೆ, ಅವರ ಮೋಲೀ ಒಂದೇ ಬಳ್ಳಿಯದ್ದು.

ಹಾಡಾಗಿ ಮಾತ್ರ ಇದು ಆರು ವರ್ಷದ ಕೆಳಗಿನೋರಿಗೆ ಕಷ್ಟ, ಒಂದೊಂದು ಶಬ್ದನ ಮೂರ್ನಾಲ್ಕು ಸ್ವರದಲ್ಲಿ ಎಳೀತಾರೆ. ಚಿಕ್ಕೋರು ಕೇಳ್ಲಿ, ರೇಷ್ಮೆ ಬಟ್ಟೆ ಹಿಡ್ಕೊಂಡು ನಿಧಾನಕ್ಕೆ ಬೀಸ್ಲಿ, ಮೋ ಲೀ ಹ್ವಾ ಅನ್ನೋ ಮೂರು ಶಬ್ದ ಬಂದಾಗ ಮಾತ್ರ ಸೇರ್ಕೊಳ್ಳಿ ಅನ್ನಿ.

ಹೆಜ್ಜೆ 6: ಕಾಗದ, ಕತ್ತರಿ, ನಾಲ್ಕು ಕ್ರಿಯೆ

ಚಿತ್ರದ ಹೊತ್ತಲ್ಲಿ ನೀವು ಕನ್ನಡದಲ್ಲಿ ಸೂಚನೆ ಕೊಟ್ರೆ ಅದು ಬರೀ ಕ್ರಾಫ್ಟ್ ಕ್ಲಾಸ್ ಆಗುತ್ತೆ. ನಾಲ್ಕೇ ನಾಲ್ಕು ಕ್ರಿಯೆ ಚೈನೀಸಲ್ಲಿ ಹೇಳಿ. ಅಂಟಿಸು: ಥ್ಯೆ, ಒಂದನೇ ಟೋನ್. ಮಡಿಚು: ಚ, ಎರಡನೇ ಟೋನ್. ಕತ್ತರಿಸು: ಚ್ಯೆನ್, ಮೂರನೇ ಟೋನ್. ಚಿತ್ರ ಬರಿ: ಹ್ವಾ, ನಾಲ್ಕನೇ ಟೋನ್. ನಾಲ್ಕು ಕೆಲಸಕ್ಕೆ ನಾಲ್ಕು ಟೋನ್, ಬೇಕು ಅಂತ ಜೋಡಿಸಿದ್ರೂ ಇಷ್ಟು ಚೆನ್ನಾಗಿ ಕೂರ್ತಾ ಇರ್ಲಿಲ್ಲ. ಹ್ವಾ ಒಂದನೇ ಟೋನಲ್ಲಿ ಹೂವು, ಹಾಗಾಗಿ "ಹ್ವಾ ಹ್ವಾ", ಮೊದಲನೇದು ಬಿದ್ದು ಎರಡನೇದು ಸಮ ನಿಂತ್ರೆ "ಹೂ ಬರಿ" ಅಂತ ಪೂರ್ತಿ ವಾಕ್ಯ! ಮಲ್ಲಿಗೆ ಹಾಡು ಹಿಂದೆ ಮೆಲ್ಲಗೆ ಕೇಳ್ತಾ ಇರ್ಲಿ, ಹ್ವಾ ಹ್ವಾ ಅನ್ನಿ, ಮಕ್ಕಳು ಹೂ ಬರೀತಾರೆ.

ಕಾಗದ ಕತ್ತರಿಸೋ ಕಲೆಗೆ ಚ್ಯೆನ್-ಚ ಅಂತಾರೆ, 2009ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರ್ತು. ವಸಂತ ಹಬ್ಬಕ್ಕೆ, ಅಂದ್ರೆ ಚೀನಾದ ಹೊಸ ವರ್ಷಕ್ಕೆ, ಕೆಂಪು ಕಾಗದದಲ್ಲಿ ಕತ್ತರಿಸಿ ಕಿಟಕಿಗೆ ಅಂಟಿಸ್ತಾರೆ. ಕೆಂಪು ಕಾಗದ ಮಧ್ಯಕ್ಕೆ ಮಡಿಚಿ ಅರ್ಧ ಮರ, ಅರ್ಧ ಹೂ ಬರೆದು ಕತ್ತರಿಸಿ ಬಿಡಿಸಿದ್ರೆ ಪೂರ್ತಿ ಆಗುತ್ತೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಫ಼ೂ ಅಕ್ಷರ (ಇಲ್ಲಿ ಮಾತ್ರ ಇಂಗ್ಲಿಷಿನ ಎಫ್ ಥರ), ಅಂದ್ರೆ ಸೌಭಾಗ್ಯ, ತೋರಿಸಿ. ಅದನ್ನ ಎಷ್ಟೋ ಮನೆಗಳಲ್ಲಿ ತಲೆಕೆಳಗಾಗಿ ಅಂಟಿಸ್ತಾರೆ, ಯಾಕಂದ್ರೆ ತಲೆಕೆಳಗು ಅನ್ನೋದಕ್ಕೂ ಬಂತು ಅನ್ನೋದಕ್ಕೂ ಒಂದೇ ಉಚ್ಚಾರ, ತಾವ್, ಟೋನ್ ಕೂಡ ಒಂದೇ. ಸೌಭಾಗ್ಯ ತಲೆಕೆಳಗಾಯ್ತು ಅಂದ್ರೆ ಸೌಭಾಗ್ಯ ಬಂತು ಅಂತ ಕೇಳ್ಸುತ್ತೆ.

ಹೆಜ್ಜೆ 7: ಅಕ್ಷರ, ಮೊದಲು ಮೈಯಲ್ಲಿ, ಆಮೇಲೆ ನೀರಲ್ಲಿ

ಪೆನ್ಸಿಲ್ ಕೊಡೋಕೆ ಆತುರ ಬೇಡ. ಮಗು ಕಾಲು ಅಗಲಿಸಿ ನಿಂತ್ರೆ ಅದೇ ರನ್, ಮನುಷ್ಯ. ಕೈ ಎರಡೂ ಚಾಚಿದ್ರೆ ತಾ, ದೊಡ್ಡದು. ಇನ್ನೊಬ್ಬರು ಅವಳ ತಲೆ ಮೇಲೆ ಒಂದು ಕೋಲು ಅಡ್ಡಕ್ಕೆ ಹಿಡಿದ್ರೆ ಥ್ಯೆನ್, ಆಕಾಶ. ಒಬ್ಬರು ಮರ ಆಗಿ ನಿಂತ್ರೆ ಮೂ, ಇಬ್ಬರು ಮರ ಆದ್ರೆ ಲಿನ್, ತೋಪು, ಮೂವರು ಆದ್ರೆ ಸನ್, ದಟ್ಟ ಕಾಡು. ಮರಕ್ಕೆ ಎಡಗಡೆಯಿಂದ ಒಬ್ಬ ಮನುಷ್ಯ ಬಂದು ಒರಗಿದ್ರೆ ಶ್ಯೋ, ವಿಶ್ರಾಂತಿ. ಎಡ ಅನ್ನೋದು ನೋಡೋರ ಕಡೆಯಿಂದ, ಫೋಟೋ ತೆಗೆದು ತೋರಿಸಿದ್ರೆ ಮಕ್ಕಳಿಗೆ ಅವರೇ ಅಕ್ಷರ ಆಗಿರೋದು ಕಾಣುತ್ತೆ.

ಆದ್ರೆ ಚೈನೀಸ್ ಅಕ್ಷರ ಎಲ್ಲಾ ಚಿತ್ರಗಳು ಅಂತ ದಯವಿಟ್ಟು ಹೇಳ್ಬೇಡಿ. ಬಹುಪಾಲು ಅಕ್ಷರದಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಭಾಗ ಉಚ್ಚಾರದ ಸುಳಿವು. ಅಮ್ಮ ಅನ್ನೋ ಮಾ ಅಕ್ಷರದಲ್ಲಿ ಎಡಕ್ಕೆ ಹೆಣ್ಣು, ಬಲಕ್ಕೆ ಕುದುರೆ. ಕುದುರೆಗೂ ಅಮ್ಮನಿಗೂ ಸಂಬಂಧ ಏನೂ ಇಲ್ಲ, ಕುದುರೆ ಬಂದಿರೋದು ಮಾ ಅನ್ನೋ ಶಬ್ದ ಕೊಡೋಕೆ. ಮೊದಲ ವಾರ ತುದಿಗಾಲು-ಕುಕ್ಕರುಗಾಲು ಆಟ ಆಡಿದ ಮಗುಗೆ ಇದು ಎಷ್ಟು ಬೇಗ ಹೊಳೆಯುತ್ತೆ ಅಂದ್ರೆ, ಒಬ್ಬ ಆರು ವರ್ಷದ ಹುಡುಗ ಅಕ್ಷರ ನೋಡಿದ ತಕ್ಷಣ ಎಡಭಾಗ ಬೆರಳಲ್ಲಿ ಮುಚ್ಚಿ "ಕೂತಿರೋ ಮಾ!" ಅಂದ.

ಆಮೇಲೆ ಗಾಳೀಲಿ ಬರೆಯೋದು. ಚೀನಾದ ಶಾಲೆಗಳಲ್ಲೂ ಇದನ್ನ ಮಾಡಿಸ್ತಾರೆ, ಷೂ-ಖೊಂಗ್ ಅಂತ ಹೆಸರು. ಭುಜದಿಂದ ಪೂರ್ತಿ ಕೈ ಆಡಿಸಿ, ಗೆರೆಯ ಹೆಸರು ಹೇಳ್ತಾ. ಅಡ್ಡಗೆರೆ ಹಂಗ್, ಉದ್ದಗೆರೆ ಷೂ, ಎಡಕ್ಕೆ ಜಾರೋದು ಫ್ಯೆ, ಬಲಕ್ಕೆ ಜಾರೋದು ನಾ, ಚುಕ್ಕೆ ತ್ಯೆನ್. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಅಡ್ಡ ಮೊದಲು ಉದ್ದ ಆಮೇಲೆ, ಚೌಕ ಇದ್ರೆ ಒಳಗೆ ಹೋದ ಮೇಲೆ ಬಾಗಿಲು ಹಾಕೋದು, ಅಂದ್ರೆ ಕೆಳಗಿನ ಗೆರೆ ಕೊನೇಲಿ. ಬೆಟ್ಟ ಅನ್ನೋ ಷಾನ್ ಅಕ್ಷರಕ್ಕೆ ಮೂರು ಗೆರೆ, ನಡುವಿನ ಎತ್ತರದ ಶಿಖರ ಮೊದಲು, ಆಮೇಲೆ ಎಡದಿಂದ ಇಳಿದು ತಿರುಗಿ ತಳ, ಕೊನೆಗೆ ಬಲದ ಶಿಖರ.

ಬೀಜಿಂಗ್ ಉದ್ಯಾನಗಳಲ್ಲಿ ವಯಸ್ಸಾದೋರು ಉದ್ದ ಹಿಡಿಯ ದೊಡ್ಡ ಕುಂಚನ ನೀರಲ್ಲಿ ಅದ್ದಿ ಕಲ್ಲು ಹಾಸಿನ ಮೇಲೆ ಅಕ್ಷರ ಬರೀತಾರೆ, ತೀ-ಷೂ, ಅಂದ್ರೆ ನೆಲದ ಬರಹ. ಕೊನೇ ಅಕ್ಷರ ಬರೆಯೋ ಹೊತ್ತಿಗೆ ಮೊದಲನೇದು ಒಣಗಿ ಹೋಗಿರುತ್ತೆ. ಮಕ್ಕಳಿಗೆ ಇದಕ್ಕಿಂತ ಒಳ್ಳೇ ಸ್ಲೇಟು ಇಲ್ಲ. ಒಂದು ಬಕೆಟ್ ನೀರು, ಅಗಲ ಕುಂಚ, ಒಣ ನೆಲ. ತಪ್ಪಾದ್ರೆ ಆರಿ ಹೋಗುತ್ತೆ, ಅಳಿಸೋ ಗೋಳಿಲ್ಲ, ಗೆರೆ ಸೊಟ್ಟ ಆಯ್ತು ಅಂತ ಅಳೋ ಮಗು ಕೂಡ ನೀರಲ್ಲಿ ಇಪ್ಪತ್ತು ಸಲ ಬರೆಯುತ್ತೆ. ವಾರಕ್ಕೆ ಎರಡೇ ಅಕ್ಷರ, ಅದೂ ಪ್ರಾಸದಲ್ಲಿ ಬಂದಿರೋದು: ಶ್ಯಾವ್, ಷಾಂಗ್, ಶ್ಯಾ, ತಾ.

ಪಿನ್‌ಯಿನ್ ಯಾವಾಗ?

ಪಿನ್‌ಯಿನ್‌ಗೆ ಚೀನಾದ ರಾಷ್ಟ್ರೀಯ ಜನತಾ ಕಾಂಗ್ರೆಸ್ ಒಪ್ಪಿಗೆ ಕೊಟ್ಟಿದ್ದು 1958ರ ಫೆಬ್ರವರಿ 11ಕ್ಕೆ, ಅದನ್ನ ರೂಪಿಸಿದೋರಲ್ಲಿ ಮುಖ್ಯರಾದ ಚೌ ಯೋ-ಕ್ವಾಂಗ್ ಮೂಲತಃ ಅರ್ಥಶಾಸ್ತ್ರದೋರು, 2017ರಲ್ಲಿ 111ನೇ ವಯಸ್ಸಲ್ಲಿ ತೀರ್ಕೊಂಡ್ರು. ಬಹಳ ಉಪಯೋಗದ ಪದ್ಧತಿ, ಫೋನಲ್ಲಿ ಟೈಪ್ ಮಾಡೋಕೆ, ಡಿಕ್ಷನರಿ ನೋಡೋಕೆ ಬೇಕೇ ಬೇಕು. ಆದ್ರೆ ಇಂಗ್ಲಿಷ್ ಓದೋಕೆ ಶುರು ಮಾಡಿರೋ ಮಗು ಆ ಅಕ್ಷರಗಳನ್ನ ಇಂಗ್ಲಿಷ್ ಥರನೇ ಓದುತ್ತೆ, ಕಿವಿ ಕಲಿತಿದ್ದನ್ನ ಕಣ್ಣು ಕೆಡಿಸುತ್ತೆ. ಚೀನಾದಲ್ಲೇ 2016ರಿಂದ ಬಂದ ಒಂದನೇ ತರಗತಿ ಪಠ್ಯದಲ್ಲಿ ಪಿನ್‌ಯಿನ್‌ಗಿಂತ ಮುಂಚೆ ಕೆಲವು ಅಕ್ಷರ ಇಟ್ಟಿದಾರೆ, ಮೊದಲ ಪಾಠನೇ ಆಕಾಶ, ಭೂಮಿ, ಮನುಷ್ಯ. ನಾನು ಏಳು ವರ್ಷದ ತನಕ ಕಾಯ್ತೀನಿ, ಅಥವಾ ಮೂವತ್ತು ನಲವತ್ತು ಪದ ಟೋನ್ ಸಮೇತ ಬಾಯಲ್ಲಿ ನಿಂತ ಮೇಲೆ ಶುರು ಮಾಡ್ತೀನಿ, ಆಗಲೂ ಗೊತ್ತಿರೋ ಪ್ರಾಸನೇ ಪಿನ್‌ಯಿನಲ್ಲಿ ಬರೆದು ಮುಂದಿಡ್ತೀನಿ, ಹೊಸದು ಏನೂ ಇಲ್ಲ.

ಅಲ್ಲಿಯವರೆಗೆ ತಿಂಗಳಿಗೊಂದು ಸಲ ರೆಕಾರ್ಡಿಂಗ್ ಮಾಡಿ. ಹಾಡು ಬೇಡ. ಇಲಿ, ಮರ, ಪುಸ್ತಕ, ಹೂ, ಬೆಟ್ಟದ ಚಿತ್ರ ಒಂದೊಂದೇ ತೋರಿಸಿ ಇದೇನು ಅಂತ ಕೇಳಿ, ಮಗು ಹೇಳಿದ್ದನ್ನ ಹಿಡಿದಿಟ್ಟು ಚೈನೀಸ್ ಮಾತೃಭಾಷೆಯೋರಿಗೆ ಚಿತ್ರ ತೋರಿಸದೆ ಕೇಳಿಸಿ. ಕೇಳಿದ್ದಷ್ಟರಿಂದಲೇ ಅವರು ಯಾವ ಚಿತ್ರ ಅಂತ ಹೇಳಿದ್ರೆ ಆ ಪದ ಮಗೂಗೆ ಬಂತು, ಅವರಿಗೆ ಗೊತ್ತಾಗದೆ ಇದ್ದ ಪದಗಳನ್ನ ಮುಂದಿನ ತಿಂಗಳ ಸೋಮವಾರಗಳಿಗೆ ಇಟ್ಕೊಳ್ಳಿ.